ಘಮವೂ ಇರಬೇಕು, ಎಲೆಯೂ ಉಳಿಯಬೇಕು: ಪೊದೆ ಗುಲಾಬಿಯ ಹೊಸ ತಳಿಗೆ ಯಾವ ಜೋಡಿ?

ಮುಳ್ಳುಬೇಲಿ

ಗುಲಾಬಿ ಬೆಳೆಸಿ ಅಭ್ಯಾಸವಿದೆ, ಕಣ್ಣು ಕಸಿಯೂ ಕೈಗೆ ಹತ್ತಿದೆ. ಈಗ ಬೀಜದಿಂದ ನನ್ನದೇ ಒಂದು ತಳಿ ತೆಗೆಯಬೇಕೆಂಬ ಹುಚ್ಚು ಹಿಡಿದಿದೆ. ಬೇಕಾದದ್ದು ಇಷ್ಟು: ಎದೆಮಟ್ಟಕ್ಕೆ ನಿಲ್ಲುವ ಪೊದೆ, ಒಂದು ಸಲ ಹೂಬಿಟ್ಟು ಸುಮ್ಮನಾಗದೆ ಮತ್ತೆ ಮತ್ತೆ ಮೊಗ್ಗು, ಔಷಧಿ ಹೊಡೆಯದಿದ್ದರೂ ಉದುರದ ಎಲೆ. ಇನ್ನು ಘಮ ಹೇಗಿರಬೇಕೆಂದರೆ, ಗಿಡದ ಪಕ್ಕ ಹಾದುಹೋದರೆ ಸಾಕು, ಬಗ್ಗಿ ಮೂಸುವ ಅಗತ್ಯವೇ ಬೀಳಬಾರದು.

ಯೋಚಿಸಿರುವ ಜೋಡಿ: ತಾಯಿ ‘ಕೇರ್‌ಫ್ರೀ ಬ್ಯೂಟಿ’, ತಂದೆ ‘ಕಜನ್ಲಿಕ್’ ಡಮಾಸ್ಕ್. ಮೊದಲನೆಯದರ ಎಲೆ ಗಟ್ಟಿ, ಕಾಯಿಯನ್ನೂ ಧಾರಾಳವಾಗಿ ಕಟ್ಟುತ್ತದೆ. ಎರಡನೆಯದು ಅತ್ತರಿನ ಗುಲಾಬಿಯೇ. ಎರಡರ ಒಳ್ಳೆಯ ಗುಣಗಳೂ ಕೂಡಿದ ಒಂದು ಸಸಿಯಾದರೂ ಸಿಗುತ್ತದಲ್ಲವೇ? ಎಷ್ಟು ಬೀಜ ಬಿತ್ತಬೇಕು? ತಿಳಿದವರು ಹೇಳಿ.

ಏಳರಮಗ್ಗಿ

ಮೊದಲ ತಲೆಮಾರಿನಲ್ಲಿ ಸಿಗುವುದಿಲ್ಲ ಸರ್. ಎಷ್ಟು ಬೀಜ ಹಾಕಿದರೂ ಅಷ್ಟೇ. ಕಾರಣ ಹೇಳುತ್ತೇನೆ, ಸ್ವಲ್ಪ ಲೆಕ್ಕ ಬರುತ್ತದೆ.

ಗುಲಾಬಿಯಲ್ಲಿ ಹೂಬಿಡುವುದನ್ನು ತಡೆಹಿಡಿಯುವ ಕೆಎಸ್‌ಎನ್ ಎಂಬ ವಂಶವಾಹಿ ಇದೆ. ಚೀನಾದ ಹಳೆಯ ಗುಲಾಬಿಗಳಲ್ಲಿ ಅದರೊಳಗೆ ಬೇರೊಂದು ಡಿಎನ್‌ಎ ತುಣುಕು ಹೊಕ್ಕು ಅದನ್ನು ಕೆಡಿಸಿಬಿಟ್ಟಿದೆ. ತಡೆ ಹೋದದ್ದರಿಂದಲೇ ಅವು ಎಡೆಬಿಡದೆ ಹೂಬಿಡುತ್ತವೆ. ನಮ್ಮ ಈಗಿನ ತೋಟದ ಗುಲಾಬಿಗಳಲ್ಲಿ ಹೆಚ್ಚಿನವು ಈ ಗುಣ ಪಡೆದದ್ದು ಅಲ್ಲಿಂದಲೇ. ‘ಕಜನ್ಲಿಕ್’ ವರ್ಷಕ್ಕೊಮ್ಮೆ ಹೂಬಿಡುವ ಗಿಡ, ಅಂದರೆ ಅದರಲ್ಲಿ ತಡೆ ಇನ್ನೂ ಗಟ್ಟಿಯಾಗಿದೆ.

ನಿಮ್ಮ ಎರಡೂ ಗಿಡಗಳಲ್ಲಿ ಏಳೇಳು ವರ್ಣತಂತುಗಳ ನಾಲ್ಕು ಗುಂಪು: ಏಳು ನಾಲ್ಕಲಿ ಇಪ್ಪತ್ತೆಂಟು. ಹಾಗಾಗಿ ಪ್ರತಿ ವಂಶವಾಹಿಗೂ ನಾಲ್ಕು ಪ್ರತಿ. ಡಮಾಸ್ಕ್‌ನಲ್ಲಿ ನಾಲ್ಕೂ ಕೆಡದವು, ‘ಕೇರ್‌ಫ್ರೀ ಬ್ಯೂಟಿ’ಯಲ್ಲಿ ನಾಲ್ಕೂ ಕೆಟ್ಟವು ಎಂದು ಹಿಡಿಯೋಣ. ಮಗುವಿಗೆ ಎರಡು ಇದು, ಎರಡು ಅದು. ಕೆಡದ ಪ್ರತಿ ಒಂದಿದ್ದರೂ ತಡೆ ನಡೆಯುತ್ತದೆ, ಆದ್ದರಿಂದ ಮೊದಲ ಪೀಳಿಗೆಯೆಲ್ಲ ವರ್ಷಕ್ಕೊಮ್ಮೆ ಹೂಬಿಡುವವೇ. ಅಣ್ಣ-ತಂಗಿ ಸಸಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ 36ಕ್ಕೆ 1 ಸಸಿ ಮರುಹೂ ಕೊಡುತ್ತದೆ. ಅದರ ಬದಲು ಮರುಹೂ ಬಿಡುವ ಗಿಡವೊಂದಕ್ಕೆ ಹಿಂತಿರುಗಿ ಕೂಡಿಸಿದರೆ 6ಕ್ಕೆ 1. ಎರಡನೆಯ ದಾರಿ ಯಾಕೆ ಲೇಸು ಎಂದು ಇನ್ನು ಹೇಳಬೇಕಿಲ್ಲ.

ಮುಳ್ಳುಬೇಲಿ

ಹಾಗಾದರೆ ಮೊದಲ ಪೀಳಿಗೆಯನ್ನು ಇಟ್ಟುಕೊಳ್ಳುವುದೇ ದಂಡವಲ್ಲವೇ? ಅದೂ ಅವು ಹೂಬಿಡಲು ಎರಡು ಮೂರು ವರ್ಷ ಬೇಕೆನ್ನುತ್ತಾರೆ.

ಏಳರಮಗ್ಗಿ

ದಂಡವಲ್ಲ ಸರ್, ಅದೇ ಸೇತುವೆ. ಇಂಗ್ಲೆಂಡಿನ ಗುಲಾಬಿ ತಳಿಗಾರ ಡೇವಿಡ್ ಆಸ್ಟಿನ್ ಹೊರಟದ್ದೂ ಹೀಗೆಯೇ. ಹಳೆಯ ಗ್ಯಾಲಿಕಾ ಬಗೆಯ ‘ಬೆಲ್ ಇಸಿಸ್’ಗೆ ಗೊಂಚಲು ಹೂವಿನ ಫ್ಲೋರಿಬಂಡಾ ಬಗೆಯ ‘ಡೇಂಟಿ ಮೇಯ್ಡ್’ ಕೂಡಿಸಿ 1961ರಲ್ಲಿ ಹೊರತಂದ ‘ಕಾನ್ಸ್‌ಟನ್ಸ್ ಸ್ಪ್ರೈ’ ವರ್ಷಕ್ಕೊಮ್ಮೆ ಮಾತ್ರ ಹೂಬಿಡುತ್ತದೆ. ಅದನ್ನು ಎಸೆಯದೆ ಮರುಹೂವಿನ ಗಿಡಗಳಿಗೆ ಮತ್ತೆ ಮತ್ತೆ ಕೂಡಿಸಿದ ಮೇಲೆ 1969ರಲ್ಲಿ ‘ವೈಫ್ ಆಫ್ ಬಾತ್’ನಂಥವು ಬಂದವು. ಜಗತ್ತು ತಿರುಗಿ ನೋಡಿದ್ದು 1983ರ ‘ಗ್ರಹಾಂ ಥಾಮಸ್’, ‘ಮೇರಿ ರೋಸ್’ ಬಂದಾಗ. ವರ್ಷಗಳನ್ನು ನೀವೇ ಕಳೆದು ನೋಡಿ.

ಎಲೆಚುಕ್ಕಿ

ಮರುಹೂವಿನ ಮಾತು ಆಯಿತು. ನನಗೆ ಕಾಳಜಿ ಎಲೆಯದು. ಸಸಿ ಎದ್ದ ಮೊದಲ ವರ್ಷವೇ ಕಠಿಣವಾಗಿರಿ. ಕಪ್ಪುಚುಕ್ಕೆ ರೋಗದ ಶಿಲೀಂಧ್ರ ಮೊಳೆತು ಒಳಹೊಗಲು ಎಲೆ ಸುಮಾರು ಏಳು ಗಂಟೆಯಾದರೂ ಒದ್ದೆಯಾಗಿರಬೇಕು. ಹಾಗಾಗಿ ಸಂಜೆ ಹೊತ್ತು ಬೇಕೆಂದೇ ತಲೆಯ ಮೇಲಿಂದ ನೀರು ಹಾಕಿ, ಸಸಿಗಳನ್ನು ಒತ್ತೊತ್ತಾಗಿ ಇಡಿ, ರೋಗ ಹಿಡಿದ ಹಳೆಯ ಗಿಡವೊಂದನ್ನು ನಡುವೆ ನಿಲ್ಲಿಸಿ. ಚುಕ್ಕೆ ಬಂದು ಎಲೆ ಉದುರಿಸಿದ್ದನ್ನು ಹೂ ನೋಡುವ ಮೊದಲೇ ಕಿತ್ತುಹಾಕಿ. ಹೂ ನೋಡಿದರೆ ಮನಸ್ಸು ಕರಗುತ್ತದೆ, ಆಮೇಲೆ ಕೀಳಲಾಗುವುದಿಲ್ಲ.

ಅಮೆರಿಕದ ತಳಿಗಾರ ಗ್ರಿಫಿತ್ ಬಕ್ ನಿಮ್ಮ ‘ಕೇರ್‌ಫ್ರೀ ಬ್ಯೂಟಿ’ಯನ್ನು ತೆಗೆದದ್ದು ಇಂಥ ಕಠಿಣ ಆಯ್ಕೆಯಿಂದಲೇ: ಔಷಧಿಯಿಲ್ಲ, ಚಳಿಗೆ ಹೊದಿಕೆಯೂ ಇಲ್ಲ, ಉಳಿದರೆ ಉಳಿಯಲಿ. ಗುಲಾಬಿ ತಳಿಗಳನ್ನು ಒರೆಹಚ್ಚುವ ಜರ್ಮನಿಯ ಎಡಿಆರ್ ಪರೀಕ್ಷೆಯಲ್ಲೂ ಈಗ ಔಷಧಿ ಸಿಂಪಡಿಸದೆಯೇ ಗಿಡಗಳಿಗೆ ಅಂಕ ಹಾಕುತ್ತಾರೆ.

ಇನ್ನೊಂದು ಮಾತು. ಕಪ್ಪುಚುಕ್ಕೆಯಲ್ಲಿ ಹಲವು ಬಗೆಗಳಿವೆ. ಮಲ್ಟಿಫ್ಲೋರಾ ಎಂಬ ಕಾಡುಗುಲಾಬಿಯಿಂದ ಬಂದ ಆರ್‌ಡಿಆರ್1 ಎಂಬ ರೋಗತಡೆಯ ವಂಶವಾಹಿ ಕೆಲವನ್ನು ನಿಲ್ಲಿಸುತ್ತದೆ, ಎಲ್ಲವನ್ನೂ ಅಲ್ಲ. ಒಂದು ತೋಟದಲ್ಲಿ ಥಳಥಳ ಹೊಳೆದ ಗಿಡ ಇನ್ನೊಂದು ಕಡೆ ಬೋಳಾಗಬಹುದು. ಅದಕ್ಕೇ ಆಯ್ದ ಸಸಿಯ ಕಡ್ಡಿಗಳನ್ನು ಬೇರೆ ಬೇರೆ ಕಡೆಯವರಿಗೆ ಕೊಟ್ಟು ನೋಡಬೇಕು.

ಕಡ್ಡಿಮುರಿ

ಇದೆಲ್ಲಾ ಓದಾಕ ಚಂದ ಐತ್ರಿ. ಆದ್ರ ಘಮ ಇರೋ ಗಿಡಕ್ಕ ಎಲಿ ನಿಲ್ಲೂದಿಲ್ಲ, ಎಲಿ ನಿಲ್ಲೋ ಗಿಡಕ್ಕ ಘಮ ಇರೂದಿಲ್ಲ. ‘ನಾಕ್ ಔಟ್’ ಗುಲಾಬಿ ನೋಡ್ರಿ. ಅದರಷ್ಟು ಗಟ್ಟಿ ಎಲಿ ಯಾವುದಕ್ಕೈತಿ? ಮೂಸಿದ್ರ ಏನ್ ಬರತೈತಿ? ಹೂವಿನಂಗಡಿ ಗುಲಾಬಿನೂ ಹಂಗ, ವಾರಗಟ್ಟಲೆ ನಿಲ್ಲತೈತಿ, ವಾಸನಿ ಮಾತ್ರ ಇಲ್ಲ. ಒಂದು ಬೇಕಂದ್ರ ಇನ್ನೊಂದು ಬಿಡಬೇಕು, ಅಷ್ಟ.

ಮೂಗಿನನೇರ

ಅಣ್ಣಾ, ಎರಡು ಬೇರೆ ವಿಷಯಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದಿರಿ. ಹೂವಿನಂಗಡಿಯ ಗುಲಾಬಿಯನ್ನು ಉದ್ದ ಕಡ್ಡಿ, ಸಾಗಣೆ, ಹೂದಾನಿಯಲ್ಲಿ ಬಾಳಿಕೆ, ಗಿಡಕ್ಕೆಷ್ಟು ಹೂ ಎಂದು ನೋಡಿ ಆರಿಸಿದರು. ಘಮ ಯಾರ ಪಟ್ಟಿಯಲ್ಲೂ ಇರಲಿಲ್ಲ, ಕೇಳುವವರಿಲ್ಲದೆ ಕಳೆದುಹೋಯಿತು. ಬಾಳಿಕೆಗೂ ಘಮಕ್ಕೂ ಸ್ವಲ್ಪ ಜಗಳ ಇದೆಯೆಂದು ಒಪ್ಪುತ್ತೇನೆ, ಘಮದ ಹೂಗಳು ಹೂದಾನಿಯಲ್ಲಿ ಬೇಗ ಬಾಡುವುದೇ ಹೆಚ್ಚು. ಪೊದೆ ಗುಲಾಬಿಗೆ ಅದು ಯಾಕೆ ಬೇಕು? ಹೂ ಗಿಡದ ಮೇಲೆಯೇ ಇರುತ್ತದಲ್ಲ.

ಎಲೆಗೂ ಘಮಕ್ಕೂ ಹಗೆಯಿದೆ ಎಂಬುದಕ್ಕೆ ರುಗೋಸಾ ಗುಲಾಬಿಯೇ ಉತ್ತರ. 1892ರ ‘ಬ್ಲಾಂಕ್ ಡಬಲ್ ಡಿ ಕೂಬೇರ್’, 1901ರ ‘ರೋಸರೇ ಡಿ ಲಾಯ್’ ನೋಡಿ. ಲವಂಗದಂಥ ಘಮ, ಸುಕ್ಕುಸುಕ್ಕಾದ ದಪ್ಪ ಎಲೆ, ಕಪ್ಪುಚುಕ್ಕೆ ಹತ್ತಿರ ಸುಳಿಯುವುದೇ ಅಪರೂಪ. ಔಷಧಿ ಹೊಡೆದರೆ ಆ ಎಲೆ ಸುಟ್ಟುಕೊಳ್ಳುತ್ತದೆ, ಅಷ್ಟು ಸ್ವಾಭಿಮಾನ ಅದಕ್ಕೆ!

ಈಗ ಮುಳ್ಳುಬೇಲಿ ಸರ್ ಅವರಿಗೆ ಒಂದು ಪ್ರಶ್ನೆ. ನಿಮಗೆ ಬೇಕಾದದ್ದು ಬಗ್ಗಿ ಮೂಸದೆ ಬರುವ ಘಮ ಎಂದಿರಿ. ಆದರೆ ಡಮಾಸ್ಕ್‌ನ ಘಮ ಕೂರುವುದು ಎಸಳಲ್ಲಿ. ಫಿನೈಲ್‌ಎಥನಾಲ್, ಸಿಟ್ರೊನೆಲ್ಲಾಲ್, ಜೆರಾನಿಯಾಲ್ ಎಂಬ ಘಮದ ವಸ್ತುಗಳೆಲ್ಲ ಎಸಳಿನ ಮೇಲ್ಪದರದ ಜೀವಕೋಶಗಳಲ್ಲಿ ತಯಾರಾಗುತ್ತವೆ. ಮೂಗನ್ನು ಹೂವಿನೊಳಗೆ ಇಟ್ಟರೆ ಸ್ವರ್ಗ, ನಾಲ್ಕು ಹೆಜ್ಜೆ ಆಚೆ ನಿಂತರೆ ಅಷ್ಟಿಲ್ಲ. ಗಾಳಿಯಲ್ಲಿ ತೇಲಿ ಬರುವ ಘಮ ಮಸ್ಕ್ ಗುಲಾಬಿಯದು, ಅಂದರೆ ರೋಸಾ ಮೊಸ್ಕಾಟಾ, ಮಲ್ಟಿಫ್ಲೋರಾ ಬಳಗದ್ದು. ಅದು ಹೊರಡುವುದು ಮುಖ್ಯವಾಗಿ ಕೇಸರಗಳಿಂದ. ನೂರು ಎಸಳಿನ ತುಂಬು ಹೂ ಬೇಕೆಂದು ಹಟ ಹಿಡಿದರೆ ಕೇಸರಗಳೇ ಎಸಳಾಗಿ ಮಾರ್ಪಟ್ಟು ಆ ಘಮದ ಮೂಲವೇ ಹೋಗುತ್ತದೆ.

ಅದಕ್ಕೇ ನನ್ನ ಮಾತು: ಎಲೆ ಮೊದಲೋ ಘಮ ಮೊದಲೋ ಎಂಬ ಜಗಳಕ್ಕಿಂತ ಮುಂಚೆ ಯಾವ ಘಮ, ಹೂವಿನ ಯಾವ ಭಾಗದಿಂದ ಬರುವ ಘಮ ಎಂದು ತೀರ್ಮಾನಿಸಿ. ಜೋಡಿ ಅಲ್ಲಿಂದ ಹುಟ್ಟಬೇಕು.

ಮುಳ್ಳುಬೇಲಿ

ಇದು ಹೊಳೆದೇ ಇರಲಿಲ್ಲ. ಹಾಗಿದ್ದರೆ ಮಸ್ಕ್ ರಕ್ತ ಇರುವ, ಮರುಹೂ ಬಿಡುವ ಪೊದೆಗಳು ಯಾವುವು?

ಮೂಗಿನನೇರ

ಪಾದ್ರಿ ಜೋಸೆಫ್ ಪೆಂಬರ್ಟನ್ ತೆಗೆದ ಹೈಬ್ರಿಡ್ ಮಸ್ಕ್‌ಗಳು. ಪೀಟರ್ ಲ್ಯಾಂಬರ್ಟ್ ಅವರ 1904ರ ‘ಟ್ರಿಯರ್’ ಹಿಡಿದು ಕಟ್ಟಿದ ಬಳಗ ಅದು: ‘ಪೆನೆಲೊಪಿ’ 1924, ‘ಕಾರ್ನೀಲಿಯಾ’ 1925, ‘ಫೆಲಿಶಿಯಾ’ 1928. ಗೊಂಚಲು ಹೂ, ಮರುಹೂ, ಪೊದೆಯ ಆಕಾರ, ಗಾಳಿಗೆ ಹರಡುವ ಘಮ. ಸದ್ಯಕ್ಕೆ ನಿಮ್ಮ ಡಮಾಸ್ಕ್‌ಗಿಂತ ಇದೇ ಹತ್ತಿರದ ದಾರಿ. ಡಮಾಸ್ಕ್ ಘಮವೇ ಬೇಕೆಂದರೂ ‘ಕಜನ್ಲಿಕ್’ ಬಿಟ್ಟು ‘ರೋಸ್ ಡಿ ರೆಶ್ಟ್’ ಹಿಡಿಯಿರಿ. ಅದು ಮರುಹೂ ಬಿಡುತ್ತದೆ, ಏಳರಮಗ್ಗಿ ಅವರ ಲೆಕ್ಕದಲ್ಲಿ ಕೆಲವು ವರ್ಷ ಉಳಿಯಬಹುದು.

ಏಳರಮಗ್ಗಿ

ಉಳಿಯಬಹುದು, ಒಪ್ಪಿದೆ. ಆದರೆ ಹೈಬ್ರಿಡ್ ಮಸ್ಕ್‌ಗಳಲ್ಲಿ ವರ್ಣತಂತುಗಳ ಸಂಖ್ಯೆ ತಳಿಯಿಂದ ತಳಿಗೆ ಬೇರೆ. 14ರದ್ದು 28ರ ಜೊತೆ ಕೂಡಿದರೆ ಮಕ್ಕಳಿಗೆ 21. ಬೆಸ ಸಂಖ್ಯೆ ಸಮನಾಗಿ ಹಂಚಿಕೆಯಾಗುವುದಿಲ್ಲ, ಅಂಥ ಗಿಡಗಳ ಪರಾಗದಲ್ಲಿ ಬಹುಪಾಲು ಜೊಳ್ಳು. ರುಗೋಸಾದ ತೊಡಕೂ ಇದೇ, ಅದೂ 14ರದ್ದು.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ರುಗೋಸಾಗೂ ವಿಚುರಾನಾ ಎಂಬ ಹಬ್ಬುವ ಕಾಡುಗುಲಾಬಿಗೂ ಹುಟ್ಟಿದ ‘ಮ್ಯಾಕ್ಸ್ ಗ್ರಾಫ್’ ಹೆಚ್ಚುಕಡಿಮೆ ಬಂಜೆ. ಜರ್ಮನಿಯ ತಳಿಗಾರ ವಿಲ್ಹೆಲ್ಮ್ ಕೊರ್ಡೆಸ್ ಅದರಿಂದ ಹೇಗೋ ಬೀಜ ಪಡೆದರು. ಹಾಗೆ ಬಂದ ಒಂದು ಸಸಿಯಲ್ಲಿ ವರ್ಣತಂತುಗಳು ತಾವಾಗಿಯೇ ಇಮ್ಮಡಿಯಾಗಿ 28 ಆಗಿದ್ದವು, ಕಾಯಿಯೂ ಚೆನ್ನಾಗಿ ಕಟ್ಟಿತು. ಅದೇ ರೋಸಾ ಕೊರ್ಡೆಸಿ. ಇಂದಿನ ಎಷ್ಟೋ ಗಟ್ಟಿ ಎಲೆಯ ಗುಲಾಬಿಗಳ ಹಿಂದೆ ಅದರ ರಕ್ತವಿದೆ.

ಮುಳ್ಳುಬೇಲಿ ಸರ್, ಯಾವ ಮಸ್ಕ್ ಹಿಡಿದರೂ ಮೊದಲು ಪರಾಗ ಪರೀಕ್ಷಿಸಿ. ಸೂಕ್ಷ್ಮದರ್ಶಕವಿದ್ದರೆ ಒಂದು ಹನಿ ನೀರಿನಲ್ಲಿ ಹಾಕಿ ನೋಡಿ: ಉಬ್ಬಿ ದುಂಡಗಾದದ್ದು ಜೀವವಿರುವುದು, ಮುದುಡಿಯೇ ಉಳಿದದ್ದು ಜೊಳ್ಳು. ಪೂರ್ತಿ ನಿಖರವಲ್ಲ, ಆದರೂ ಒಂದು ಋತುವಿನ ಶ್ರಮ ಉಳಿಸುತ್ತದೆ.

ಹೊಸಚಿಗುರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕೂಡಿಸುವುದು ಅಂದರೆ ಕೈಯಿಂದ ಹೇಗೆ ಮಾಡುತ್ತೀರಿ? ಯಾರೂ ಅದನ್ನು ಹೇಳಲೇ ಇಲ್ಲ. ಕಾಯಿ ಕಟ್ಟಿದ ಗುಲಾಬಿಯ ಬೀಜ ತೆಗೆದು ಬಿತ್ತಿದರೆ ಸಾಲದೇ?

ಬೀಜದಡಬ್ಬಿ

ಬಿತ್ತಬಹುದಪ್ಪ, ಸಸಿಯೂ ಬರುತ್ತದೆ. ಆದರೆ ತೋಟದ ಗುಲಾಬಿಗಳು ಹೆಚ್ಚಾಗಿ ತಮ್ಮ ಪರಾಗದಿಂದಲೇ ಕಾಯಿ ಕಟ್ಟಿಕೊಳ್ಳುತ್ತವೆ, ತಂದೆ ಯಾರೆಂದು ಹೇಳಲಾಗುವುದಿಲ್ಲ. ಬೇಕಾದ ಜೋಡಿ ಸಿಗಬೇಕೆಂದರೆ ಕೈ ಹಾಕಲೇಬೇಕು. ನಾನು ಮಾಡುವ ಕ್ರಮ ಹೇಳುತ್ತೇನೆ.

ಮರುದಿನ ಅರಳಲಿದೆ ಎನ್ನುವಂಥ ಮೊಗ್ಗು ಆರಿಸು. ಬಣ್ಣ ಕಾಣಿಸುತ್ತಿರಬೇಕು, ಎಸಳು ಇನ್ನೂ ಬಿಚ್ಚಿರಬಾರದು. ಅರಳಿದ ಹೂ ಬೇಡ, ಅಷ್ಟರಲ್ಲಿ ತನ್ನ ಪರಾಗ ತಾನೇ ಉದುರಿಸಿಕೊಂಡಿರುತ್ತದೆ. ಎಸಳೆಲ್ಲ ಕಿತ್ತು, ಸುತ್ತಲ ಪರಾಗಕೋಶಗಳನ್ನು ಚಿಮಟದಿಂದಲೋ ಸಣ್ಣ ಕತ್ತರಿಯಿಂದಲೋ ಒಂದೂ ಬಿಡದೆ ತೆಗೆ. ನಡುವೆ ಸಣ್ಣ ಕುಚ್ಚಿನ ಹಾಗೆ ನಿಂತಿರುವುದು ಶಲಾಕೆಗಳು, ಅವಕ್ಕೆ ಪೆಟ್ಟಾಗಬಾರದು. ಕಾಗದದ ಚೀಲ ಮುಚ್ಚು.

ತಂದೆ ಗಿಡದ್ದೂ ಅರೆಬಿರಿದ ಮೊಗ್ಗಿನಿಂದಲೇ ಪರಾಗಕೋಶ ಕಿತ್ತು, ತಟ್ಟೆಯಲ್ಲಿ ಹರಡಿ, ನೆರಳಲ್ಲಿ ಒಂದು ದಿನ ಒಣಗಿಸು. ಕೋಶ ಒಡೆದು ಹಳದಿ ಪುಡಿ ಉದುರುತ್ತದೆ. ಮಾರನೆಯ ದಿನ ತಾಯಿ ಹೂವಿನ ಶಲಾಕೆಯ ತುದಿ ಅಂಟಂಟಾಗಿ ಹೊಳೆಯುತ್ತದೆ, ಆಗ ಬೆರಳಿನಿಂದ ಪುಡಿ ಸವರು. ಕುಂಚ ಬಳಸುವವರಿದ್ದಾರೆ, ನನಗೆ ಬೆರಳೇ ಸರಿ, ಒರೆಸಿಕೊಂಡು ಇನ್ನೊಂದು ಪರಾಗಕ್ಕೆ ಹೋಗಬಹುದು. ತಕ್ಷಣ ಚೀಟಿ ಕಟ್ಟು: ಮೊದಲು ತಾಯಿಯ ಹೆಸರು, ಆಮೇಲೆ ತಂದೆಯದು, ದಿನಾಂಕ.

ಬಿಸಿಲ ಝಳ ಜೋರಾಗಿರುವಾಗ ಈ ಕೆಲಸ ಬೇಡ. ಪರಾಗ ಬೇಗ ಸಾಯುತ್ತದೆ.

ಹೊಸಚಿಗುರು

ಧನ್ಯವಾದ ಅಕ್ಕ. ಬೀಜ ಬಿತ್ತುವುದು ಯಾವಾಗ?

ಬೀಜದಡಬ್ಬಿ

ಕೂಡಿಕೆ ಹಿಡಿದಿದ್ದರೆ ಎರಡು ಮೂರು ವಾರದಲ್ಲಿ ಬುಡ ಊದಿ ಹಸಿರಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ತೊಟ್ಟು ಹಳದಿಯಾಗಿ ಕಳಚುತ್ತದೆ. ಕಾಯಿ ಬಲಿತು ಬಣ್ಣ ತಿರುಗಲು ಸುಮಾರು ನಾಲ್ಕು ತಿಂಗಳು. ಒಳಗೆ ಒಂದೇ ಬೀಜ ಇರಬಹುದು, ಮೂವತ್ತೂ ಇರಬಹುದು. ತಿರುಳು ಪೂರ್ತಿ ತೊಳೆ, ಮೊಳಕೆ ತಡೆಯುವ ವಸ್ತು ಅದರಲ್ಲೂ ಇದೆ. ಆಮೇಲೆ ಒದ್ದೆ ಕಾಗದದಲ್ಲೋ ಒದ್ದೆ ಪರ್ಲೈಟ್‌ನಲ್ಲೋ ಸುತ್ತಿ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿ ಇಡು. ಸುಮಾರು 4 ಡಿಗ್ರಿ ಸೆಲ್ಸಿಯಸ್, ಎಂಟರಿಂದ ಹನ್ನೆರಡು ವಾರ. ಫ್ರೀಜರ್ ಅಲ್ಲ, ಕೆಳಗಿನ ಖಾನೆ. ಒಣಗಲೂಬಾರದು, ನೀರು ನಿಲ್ಲಲೂಬಾರದು.

ಗುಲಾಬಿ ಬೀಜದ ಸಿಪ್ಪೆ ಬಲು ಗಟ್ಟಿ, ಅರ್ಧದಷ್ಟು ಮೊಳೆತರೆ ಅದೇ ಹಬ್ಬ. ಕೆಲವು ಮರುವರ್ಷ ಮೊಳೆಯುತ್ತವೆ, ಕುಂಡ ಬೇಗ ಖಾಲಿ ಮಾಡಬೇಡ. ಎದ್ದ ಸಸಿ ಬುಡ ಕೊಳೆತು ಮಗುಚದಂತೆ ಗಾಳಿಯಾಡಲಿ. ಮರುಹೂವಿನ ಬಗೆಯದಾದರೆ ಎರಡು ತಿಂಗಳೊಳಗೆ ಅಂಗೈ ಎತ್ತರದ ಸಸಿಯಲ್ಲೇ ಮೊದಲ ಮೊಗ್ಗು ಕಾಣಿಸುತ್ತದೆ.

ಎಲೆಚುಕ್ಕಿ

ಆ ಮೊದಲ ಮೊಗ್ಗಿಗೆ ಮರುಳಾಗಬೇಡಿ ಎಂದು ಸೇರಿಸಿ ಅಕ್ಕ.

ಬೀಜದಡಬ್ಬಿ

ಸೇರಿಸುತ್ತೇನೆ, ಇನ್ನೊಂದು ಅರ್ಥದಲ್ಲಿ! ಮೊದಲ ಹೂವಿಗೆ ಘಮವಿಲ್ಲವೆಂದು ಸಸಿ ಎಸೆಯಬೇಡಿ. ಎಳೆಯ ಸಸಿಯ ಹೂ ಚಿಕ್ಕದು, ಎಸಳೂ ಕಡಿಮೆ. ಗಿಡ ಬಲಿತಂತೆ ಎಸಳು ಹೆಚ್ಚುತ್ತವೆ, ಘಮವೂ ತುಂಬುತ್ತದೆ. ಘಮ ನೋಡಲು ಇಬ್ಬನಿ ಆರಿ ಬಿಸಿಲು ಕಾಯಲು ತೊಡಗಿದ ಹೊತ್ತು ಒಳ್ಳೆಯದು. ಒಬ್ಬರ ಮೂಗು ನಂಬಬೇಡಿ. ಕೆಲವು ಘಮಗಳು ಕೆಲವರ ಮೂಗಿಗೆ ಹತ್ತುವುದೇ ಇಲ್ಲ.

ಎಲೆಚುಕ್ಕಿ

ಎರಡು ವರ್ಷ ಕಾಯುವಷ್ಟು ಜಾಗ ಎಲ್ಲರ ಬಳಿ ಇದೆಯೇ? ರೋಗ ಬಂದ ಸಸಿ ಎಷ್ಟೇ ಘಮಿಸಲಿ, ನನ್ನ ಲೆಕ್ಕದಲ್ಲಿ ಹೋಗಲೇಬೇಕು.

ಮೂಗಿನನೇರ

ತಳಿಯಾಗಿ ಹೊರಬಿಡಲು ಅದು ಬೇಡ, ಸರಿ. ತಂದೆಯಾಗಿ ಬೇಕು. ಘಮ ಒಂದೇ ವಂಶವಾಹಿಯಿಂದ ಬರುವುದಿಲ್ಲ ನೋಡಿ. ಜೆರಾನಿಯಾಲ್ ಒಂದು ದಾರಿಯಲ್ಲಿ, ಫಿನೈಲ್‌ಎಥನಾಲ್ ಇನ್ನೊಂದು ದಾರಿಯಲ್ಲಿ, ಚಹಾ ಗುಲಾಬಿಯ ಡೈಮೆಥಾಕ್ಸಿಟಾಲ್ವೀನ್ ಮತ್ತೊಂದರಲ್ಲಿ. 2015ರಲ್ಲಿ ಫ್ರಾನ್ಸ್‌ನ ವಿಜ್ಞಾನಿಗಳು ಘಮಘಮಿಸುವ ‘ಪಾಪಾ ಮೇಯಾಂ’ ಜೊತೆ ಘಮ ಕಡಿಮೆಯಿರುವ ‘ರೂಜ್ ಮೇಯಾಂ’ ಇಟ್ಟು ಹೋಲಿಸಿದಾಗ ಜೆರಾನಿಯಾಲ್ ತಯಾರಿಗೆ ನೆರವಾಗುವ ನ್ಯುಡಿಎಕ್ಸ್1 ಎಂಬ ಕಿಣ್ವ ಸಿಕ್ಕಿತು. ಬೇರೆ ಹೂಗಳು ಜೆರಾನಿಯಾಲ್ ತಯಾರಿಸುವ ದಾರಿಯೇ ಬೇರೆ, ಗುಲಾಬಿ ಇನ್ನೊಂದು ದಾರಿ ಹಿಡಿದಿದೆ.

ಹೀಗೆ ಹಲವು ದಾರಿ ಇರುವುದರಿಂದಲೇ ಎರಡು ಘಮದ ಗಿಡ ಕೂಡಿಸಿದರೂ ಸಪ್ಪೆ ಮಕ್ಕಳು ಹುಟ್ಟುತ್ತವೆ, ಸಪ್ಪೆ ತಾಯಿಯ ಹೊಟ್ಟೆಯಲ್ಲಿ ಘಮದ ಮಗಳೂ ಹುಟ್ಟುತ್ತಾಳೆ. ತಂದೆಯ ಘಮ ನೋಡಿ ಮರುಳಾಗುವುದಕ್ಕಿಂತ, ಅವನ ಮಕ್ಕಳಲ್ಲಿ ಎಷ್ಟಕ್ಕೆ ಘಮ ಇಳಿದಿದೆ ಎಂದು ನೋಡಿ ಅವನನ್ನು ಉಳಿಸಿಕೊಳ್ಳಬೇಕು.

ಏಳರಮಗ್ಗಿ

ನಿಮ್ಮಿಬ್ಬರ ಮಾತೂ ಒಂದೇ ಕಡೆ ಸೇರುತ್ತದೆ. ಗಟ್ಟಿ ಎಲೆಯ ಸಪ್ಪೆ ಸಸಿಗಳದ್ದೊಂದು ಸಾಲು, ಘಮವಿದ್ದೂ ಸೊರಗುವ ಸಸಿಗಳದ್ದೊಂದು ಸಾಲು. ಮುಂದಿನ ತಲೆಮಾರಿಗೆ ಆಚೆಯದರಿಂದ ಒಂದು, ಈಚೆಯದರಿಂದ ಒಂದು. ಸೊರಗುವ ಸಾಲಿನಿಂದ ಎರಡು ಮೂರು ಗಿಡ ಕುಂಡದಲ್ಲಿದ್ದರೆ ಸಾಕು, ಪರಾಗಕ್ಕೆ ತಾನೇ. ಸೊರಗಿದ್ದು ಬೇರಿನ ದೌರ್ಬಲ್ಯದಿಂದಲೂ ಇರಬಹುದು. ಮಲ್ಟಿಫ್ಲೋರಾ ಬುಡಕ್ಕೆ ಕಣ್ಣು ಕಸಿ ಮಾಡಿ ನೋಡಿ, ಕೆಲವು ಗಿಡ ಗುರುತು ಸಿಗದಷ್ಟು ಮೇಲೇಳುತ್ತವೆ.

ಕಡ್ಡಿಮುರಿ

ಆತು ಬಿಡ್ರಿ, ರುಗೋಸಾ ಮಾತಿಗೆ ನಾ ಸೋತೆ. ಆದ್ರ ಒಂದು ಕೇಳ್ತೀನಿ: ಇಷ್ಟೆಲ್ಲಾ ಮಾಡಿ ಗಿಡ ಬಂತು ಅಂದ್ರ, ಹೆಸರು ಯಾರು ಇಡೋದು? ಮತ್ತೊಬ್ಬರು ಕಡ್ಡಿ ಹಚ್ಚಿ ತಮ್ಮದು ಅಂದ್ರ?

ಏಳರಮಗ್ಗಿ

ಹೆಸರು ನೀವೇ ಇಡುವುದು. ಗುಲಾಬಿ ಹೆಸರುಗಳ ಅಂತರರಾಷ್ಟ್ರೀಯ ನೋಂದಣಿ ನಡೆಸುವುದು ಅಮೆರಿಕನ್ ರೋಸ್ ಸೊಸೈಟಿ. ಒಂದೇ ಹೆಸರು ಎರಡು ಗಿಡಕ್ಕೆ ಬೀಳದಿರಲಿ ಎಂಬುದಕ್ಕೆ ಆ ವ್ಯವಸ್ಥೆ, ಒಡೆತನಕ್ಕಲ್ಲ. ಒಡೆತನ ಬೇರೆ ಕಾನೂನು. ಗಿಡಕ್ಕೆ ಸಿಕ್ಕ ಮೊತ್ತಮೊದಲ ಪೇಟೆಂಟ್ ಗುಲಾಬಿಗೇ, 1931ರಲ್ಲಿ ಅಮೆರಿಕದಲ್ಲಿ ‘ನ್ಯೂ ಡಾನ್’ಗೆ. ತಮಾಷೆ ಎಂದರೆ ಅದು ಯಾರೂ ಕೂಡಿಸಿ ಪಡೆದದ್ದಲ್ಲ, ‘ಡಾಕ್ಟರ್ ಡಬ್ಲ್ಯು. ವ್ಯಾನ್ ಫ್ಲೀಟ್’ ಬಳ್ಳಿಯಲ್ಲಿ ತಾನಾಗಿ ಬದಲಾದ ಒಂದು ಕವಲು. ವರ್ಷಕ್ಕೊಮ್ಮೆ ಹೂಬಿಡುತ್ತಿದ್ದ ಬಳ್ಳಿಯ ಆ ಕವಲು ಮರುಹೂ ಬಿಡತೊಡಗಿತು.

ಮುಳ್ಳುಬೇಲಿ ಸರ್, ನೀವು ತಂದೆಯಾಗಿ ಹಿಡಿಯುವ ತಳಿ ಈಚಿನದಾದರೆ ಅದರ ಹಕ್ಕಿನ ನಿಯಮ ಒಮ್ಮೆ ಓದಿಕೊಳ್ಳಿ. ಪೆಂಬರ್ಟನ್ ಕಾಲದವಕ್ಕೆ ಆ ಚಿಂತೆಯಿಲ್ಲ.

ಮುಳ್ಳುಬೇಲಿ

ಎಲ್ಲರ ಮಾತು ಕೇಳಿ ಯೋಜನೆ ತಿದ್ದಿಕೊಂಡೆ. ತಾಯಿ ‘ಕೇರ್‌ಫ್ರೀ ಬ್ಯೂಟಿ’ಯೇ. ಅರ್ಧ ಹೂಗಳಿಗೆ ‘ಪೆನೆಲೊಪಿ’ ಪರಾಗ, ಅರ್ಧಕ್ಕೆ ‘ರೋಸ್ ಡಿ ರೆಶ್ಟ್’. ಬಂದ ಮಕ್ಕಳಲ್ಲಿ ಮಸ್ಕ್ ಕಡೆಯ ಗಟ್ಟಿ ಎಲೆಯದಕ್ಕೆ ಡಮಾಸ್ಕ್ ಕಡೆಯ ಘಮದ್ದನ್ನು ಕೂಡಿಸುವುದು ಮುಂದಿನ ಹೆಜ್ಜೆ. ತುಂಬು ಹೂವಿನ ಆಸೆ ಬಿಟ್ಟೆ, ಕೇಸರ ಕಾಣುವ ಅರೆತುಂಬು ಹೂ ಸಾಕು.

ಒಂದು ತೊಡಕು: ‘ಪೆನೆಲೊಪಿ’ ಮೊದಲು ಅರಳಿ ಮುಗಿಯುತ್ತದೆ, ತಾಯಿ ಗಿಡದ ಮೊಗ್ಗು ಆಮೇಲೆ ಬರುತ್ತದೆ. ಪರಾಗ ಅಷ್ಟು ದಿನ ಉಳಿಯುತ್ತದೆಯೇ?

ಬೀಜದಡಬ್ಬಿ

ಚೆನ್ನಾಗಿ ಒಣಗಿದ್ದರೆ ಉಳಿಯುತ್ತದೆ ಸರ್. ಕಾಗದದ ಪೊಟ್ಟಣದಲ್ಲಿ ಕಟ್ಟಿ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಫ್ರಿಜ್‌ಗೆ ಸೇರಿಸಿ. ಕೆಲವು ವಾರಗಳಿಗೆ ಭಯವಿಲ್ಲ. ಹೊರತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ತೆಗೆಯಬೇಡಿ, ತೇವ ಕಟ್ಟಿದರೆ ಪುಡಿ ಮುದ್ದೆಯಾಗುತ್ತದೆ. ಪೊಟ್ಟಣದ ಮೇಲೆ ಹೆಸರು ಪೆನ್ಸಿಲಿನಲ್ಲೇ ಬರೆಯಿರಿ, ಇಂಕು ತೇವಕ್ಕೆ ಹರಡುತ್ತದೆ.

ಏಳರಮಗ್ಗಿ

ಡಬ್ಬಿಗೆ ಹಾಕುವ ಮೊದಲು ಒಂದು ಚಿಟಿಕೆ ಸೂಕ್ಷ್ಮದರ್ಶಕದಡಿ ನೋಡಿ ಇಲ್ಲಿ ತಿಳಿಸಿ. ಜೊಳ್ಳೇ ಹೆಚ್ಚಿದ್ದರೆ ‘ಫೆಲಿಶಿಯಾ’ದ್ದನ್ನೂ ತೆಗೆದಿಟ್ಟುಕೊಂಡಿರಿ.